ಕತ್ತಲಧಾರೆ ಮಂಟಪ

ಬೋರನಗುಡ್ಡದ ಬುಡದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತ ಕಲ್ಲುಮಂಟಪಕ್ಕೆ ‘ಕತ್ತಲಧಾರೆ’ ಎಂಬ ಹೆಸರು ಹೇಗೆ ಬಂತು, ಊಹಿಸಿ ನೋಡೋಣ! ಯಾರೋ ಕದ್ದು ಮದುವೆಯಾಗಿರಬೇಕು ಎನ್ನುವಿರಿ. ಕೇಳಿದವರೆಲ್ಲ ಹಾಗೆಯೇ ಎನ್ನುತ್ತಾರೆ, ಎಲ್ಲರೂ ತಪ್ಪುತ್ತಾರೆ. ಮದುವೆ ನಡೆದದ್ದು ನಿಜ, ಅದೂ ಮುನ್ನೂರು ಜನರ ಸಮ್ಮುಖದಲ್ಲಿ. ಆದರೆ ಆ ಮುನ್ನೂರರಲ್ಲಿ ಒಬ್ಬರೂ ಧಾರೆಯನ್ನು ಕಣ್ಣಾರೆ ಕಾಣಲಿಲ್ಲ! ಹದಿನಾರು ಕಂಬದ ಈ ಮಂಟಪಕ್ಕೆ ಇರುವುದು ಒಂದೇ ಬಾಗಿಲು. ಹಿಂಬದಿಗೆ ಗೋಡೆಯೇ ಇಲ್ಲ, ಗುಡ್ಡದ ಬಂಡೆಯೇ ಗೋಡೆ. ಆ ಬಂಡೆಯಲ್ಲಿ ಆಳವಾದ ಬಿರುಕು, ಬಿರುಕಿನೊಳಗೆ ತಲೆಕೆಳಗಾಗಿ ತೂಗುವ ಸಾವಿರಾರು ಬಾವಲಿಗಳು. ಘಾಟು ಮೂಗಿಗೆ ಬಡಿದಾಗಲೇ ಅವುಗಳ ಸಂಸಾರ ಅಲ್ಲಿದೆಯೆಂದು ತಿಳಿಯುವುದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಊರಿನ ಉಜ್ಜಪ್ಪ ಎಂಬಾತ ತನ್ನ ಒಬ್ಬಳೇ ಮಗಳು ಬೋರಕ್ಕನ ಮದುವೆಯನ್ನು ಇಲ್ಲಿ ನಿಶ್ಚಯಿಸಿದನಂತೆ. ಅಲ್ಲಿಯವರೆಗೆ ಮಂಟಪದಲ್ಲಿ ನಡೆದ ಮದುವೆಗಳೆಲ್ಲ ಬೆಳಗಿನವು. ಜೋಯಿಸರು ಈ ಜೋಡಿಗೆ ಕೂಡಿಬರುವುದು ಗೋಧೂಳಿ ಲಗ್ನವೊಂದೇ ಎಂದುಬಿಟ್ಟರು. ಸಂಜೆಯಾದರೇನು, ಬೆಳಕಿಗೆ ಬರವೇ ಎಂದುಕೊಂಡ ಉಜ್ಜಪ್ಪ ಕಂಬಕ್ಕೊಂದು ದೀಪ ಇಡಿಸಿ, ಬಾಗಿಲಿಗೆ ಹತ್ತು ಮಂದಿ ದೀವಟಿಗೆಯವರನ್ನು ಒತ್ತಾಗಿ ನಿಲ್ಲಿಸಿದ. ಮುಸ್ಸಂಜೆಗೆ ಆ ಬಾಗಿಲಿನಿಂದ ದಿನವೂ ಹೊರಗೆ ಹೋಗುವವರು ಬೇರೆಯೇ ಇದ್ದಾರೆಂಬುದು ಪಾಪ, ಅವನಿಗೆ ಹೊಳೆಯಲೇ ಇಲ್ಲ.

ಸೂರ್ಯ ಕಂತಿದ್ದೇ ತಡ, ಬಿರುಕಿನಿಂದ ಒಂದು ಬಾವಲಿ ಬಂತು, ಹಿಂದೆಯೇ ಹತ್ತು, ಆಮೇಲೆ ಲೆಕ್ಕವಿಲ್ಲ. ಬಾಗಿಲ ತನಕ ಹಾರಿ, ಬೆಂಕಿಗೆ ಬೆದರಿ, ಹಿಂದಿರುಗಿ ಜನರ ತಲೆಯ ಮೇಲೆಯೇ ಸುತ್ತತೊಡಗಿದವು. ಹೆಂಗಸರು ಸೆರಗು ಹೊದ್ದು ಚೀರಿದರು, ಗಂಡಸರು ಪಂಚೆ ಬೀಸಿದರು. ಒಬ್ಬ ಬಾಗಿಲು ಮುಚ್ಚಿ ಎಂದ, ಇನ್ನೊಬ್ಬ ಇನ್ನಷ್ಟು ದೀಪ ತನ್ನಿ ಎಂದ. ಅಕ್ಷತೆ ಯಾರ ಮೇಲೆ ಬಿತ್ತೋ, ಬಾಸಿಂಗ ಯಾರ ಕಾಲಡಿ ಹೋಯಿತೋ, ಉಜ್ಜಪ್ಪನಿಗೆ ಒಂದೂ ತಿಳಿಯಲಿಲ್ಲ. ತಿಳಿದದ್ದು ಒಂದೇ: ವರನ ಸೋದರಮಾವ ಪಾಲಯ್ಯ ಎದ್ದು ನಿಂತಿದ್ದ.

“ಬೀಗರೇ, ಇದು ಅಪಶಕುನ. ಎಬ್ಬಿಸ್ತೀನಿ ಹುಡುಗನ್ನ.”

ಹಸೆಯಿಂದ ವರ ಎದ್ದುಹೋದರೆ ಬೋರಕ್ಕನನ್ನು ಮತ್ತಾರು ಕೇಳಿಯಾರು? ಉಜ್ಜಪ್ಪ ಕೋಲು ಎತ್ತಿಕೊಂಡ. ಪಕ್ಕದ ಕಂಬಕ್ಕೆ ಕಚ್ಚಿಕೊಂಡಿದ್ದ ಒಂದು ಬಾವಲಿಗೆ ಇನ್ನೇನು ಬಾರಿಸಬೇಕು, ಅಷ್ಟರಲ್ಲಿ ಅವನ ತಾಯಿ, ಊರಿನ ಸೂಲಗಿತ್ತಿ ಮಾರಕ್ಕ, ಕೋಲು ಹಿಡಿದುಕೊಂಡಳು.

“ಕಣ್ಣು ಬಿಟ್ಟು ನೋಡ್ಲಾ! ಎದೆಗೆ ಮರಿ ಅಂಟಿಕೊಂಡೈತೆ. ಬರಿಗೈಲಿ ಮುಟ್ಬ್ಯಾಡ್ರೋ ಯಾರೂ, ಹೆದರಿದ ಜೀವ ಕಚ್ಚುತ್ತೆ.”

“ಜಡೆಗೆ ಸಿಕ್ಕಂಡ್ರೆ ಗತಿಯೇನತ್ತೆ?” ಎಂದು ಸೆರಗಿನೊಳಗಿಂದ ಯಾರೋ ಅತ್ತರು.

“ನಿನ್ನ ಜಡೆ ಅದಕ್ಕ್ಯಾಕೇ? ಅದಕ್ಕೆ ಬೇಕಾದ್ದು ಬಾಗಿಲು. ನಾವು ಅದರ ದಾರೀಲಿ ಕುಂತಿದೀವಿ. ಬಾಗಿಲು ಬಿಡಿ, ದೀಪ ಆರಿಸಿ, ತೆಪ್ಪಗಿರಿ.”

ಮದುವೆಮನೆಯಲ್ಲಿ ದೀಪ ಆರಿಸುವುದೇ! ಸಾವಿನ ಮನೆಯ ಮಾತು ಅದು. ಉಜ್ಜಪ್ಪ ತಾಯಿಯ ಮುಖ ನೋಡಿದ, ಪಾಲಯ್ಯನ ಮುಖ ನೋಡಿದ, ಕೊನೆಗೆ ಹಸೆಯ ಮೇಲೆ ತಲೆತಗ್ಗಿಸಿ ಕೂತ ಮಗಳನ್ನು ನೋಡಿದ. ಆರಿಸಿದರೂ ಕೇಡು, ಆರಿಸದಿದ್ದರೂ ಕೇಡು. ಯಾವುದು ಸರಿಯೆಂದು ಅವನಿಗೆ ಕಡೆಗೂ ಗೊತ್ತಾಗಲಿಲ್ಲ ಎನ್ನುತ್ತಾರೆ. ಗೊತ್ತಾಗದೆಯೇ ದೀವಟಿಗೆಯವರನ್ನು ಆಚೆ ಕಳಿಸಿ, ಒಂದೊಂದು ಕಂಬದ ದೀಪವನ್ನೂ ತನ್ನ ಕೈಯಾರೆ ಆರಿಸಿದ.

ಕತ್ತಲು ಕವಿಯಿತು. ತಲೆಯ ಮೇಲೆ ಸಾವಿರ ರೆಕ್ಕೆಗಳ ಗಾಳಿ ಬಾಗಿಲ ಕಡೆಗೆ ಹರಿಯಿತು. ಆ ಹೊತ್ತಿಗೇ ಜೋಯಿಸರು ಹೊತ್ತು ಅಳೆಯಲು ನೀರಿನಲ್ಲಿ ತೇಲಿಬಿಟ್ಟಿದ್ದ ಗಳಿಗೆ ಬಟ್ಟಲು ಮುಳುಗಿತು. ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ತಿಳಿಯಿತು. “ಮುಹೂರ್ತ ಬಂತು! ದೀಪ ಹಚ್ಚುವಷ್ಟರಲ್ಲಿ ಮೀರುತ್ತದೆ, ಹಾಲು ಎರೆಯಪ್ಪಾ!” ಎಂದು ಕೂಗಿ, ವಧೂವರರ ಕೈಗಾಗಿ ತಡಕಾಡಿದರು.

“ಯಾರದಿದು, ಇಷ್ಟು ಒರಟು ಕೈ?”

“ನಂದು ಸ್ವಾಮಿ, ಪಾಲಯ್ಯ.”

“ನೀನು ಮದುಮಗಳೇನಯ್ಯಾ? ತೆಗಿ ಅತ್ಲಾಗೆ!”

ವರನನ್ನು ಎಬ್ಬಿಸಲು ಹಸೆಯ ಬಳಿಗೆ ಬಂದಿದ್ದ ಪಾಲಯ್ಯ ರೆಕ್ಕೆಗಳ ಸದ್ದಿಗೆ ಬೆಚ್ಚಿ ಅಲ್ಲೇ ಕುಕ್ಕರಿಸಿದ್ದ. ಕೈ ತೆಗೆದು ಎಲ್ಲಿಡಬೇಕೋ ತಿಳಿಯದೆ ಮತ್ತೆ ಅಲ್ಲಿಯೇ ಇಟ್ಟ. ಉಜ್ಜಪ್ಪ ಅಂದಾಜಿನ ಮೇಲೆ ಹಾಲೆರೆದ. ದೀಪಗಳು ಮತ್ತೆ ಹೊತ್ತಿದಾಗ ಮಂಟಪದಲ್ಲಿ ಒಂದೂ ಬಾವಲಿಯಿಲ್ಲ. ಬೋರಕ್ಕನ ಕೈ ವರನ ಕೈಯಲ್ಲಿದೆ, ಆ ಎರಡರ ಕೆಳಗೆ ಬೊಗಸೆಯೊಡ್ಡಿ ಮೊಣಕೈತನಕ ಹಾಲಿನಲ್ಲಿ ತೊಯ್ದು ಕೂತವನು ಪಾಲಯ್ಯ! “ಅಪಶಕುನ ಅಂದೋನೇ ಧಾರೆ ಹಿಡಕೊಂಡ್ನಲ್ಲಪ್ಪಾ!” ಎಂದು ಮಾರಕ್ಕ ನಕ್ಕಳು, ಮುನ್ನೂರು ಜನ ನಕ್ಕರು. ಧಾರೆಗೆ ಕೈಯೊಡ್ಡಿದವನು ಮದುವೆ ಮುರಿಯುವುದುಂಟೇ? ಪಾಲಯ್ಯ ಕೈ ಒರೆಸಿಕೊಂಡು, ಊಟಕ್ಕೆ ಎಲೆ ಹಾಕಿಸಿ ಎಂದನಂತೆ.

ಇಂದಿಗೂ ಹೋದವರು ನೋಡಬಹುದು: ಮುಸ್ಸಂಜೆಗೆ ಅಲ್ಲಿನವರು ಬಾಗಿಲು ಬಿಟ್ಟು ಬದಿಗೆ ಸರಿದು ಮೌನವಾಗಿ ನಿಲ್ಲುತ್ತಾರೆ. ಕಡೆಯ ಬಾವಲಿ ಹೊರಟ ಮೇಲೆಯೇ ದೀಪ. ನೆಲಕ್ಕೆ ಬಿದ್ದ ಮರಿಯನ್ನೂ ಬರಿಗೈಯಿಂದ ಎತ್ತುವುದಿಲ್ಲ, ಬಾವಲಿ ಕಚ್ಚಿದ ಹಣ್ಣನ್ನು ತಿನ್ನುವುದಿಲ್ಲ. ಅಲ್ಲಿ ಮದುವೆ ನಡೆದರೆ ವರನ ಸೋದರಮಾವ ಕೆಳಗೆ ಬೊಗಸೆಯೊಡ್ಡಲೇಬೇಕು. ಬಾವಲಿಗಳೆಷ್ಟು, ಪಾಲಯ್ಯ ಅತ್ತನೋ ನಕ್ಕನೋ ಎಂಬುದರಲ್ಲಿ ಊರಿನಲ್ಲಿ ಎರಡು ಮಾತಲ್ಲ, ಇಪ್ಪತ್ತು ಮಾತಿದೆ. ದಿನದ ವಿಚಾರದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಪ್ಲವಂಗ ಸಂವತ್ಸರದ ವೈಶಾಖ ಬಹುಳ ಪಂಚಮಿ, ಬುಧವಾರ.