ತಿರುವಿನಲ್ಲಿ ಕಟ್ಟಿದ ಕಲ್ಲಿನ ಸ್ಟೇಷನ್

ಹೊಳೆದಂಡೆಯ ಆಶ್ರಮದಲ್ಲಿ ಫಕೀರಪ್ಪನೆಂಬ ಶಿಷ್ಯನಿದ್ದ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಣ್ಣನ ಜೊತೆ ಜಗಳವಾಡಿ ಮನೆ ಬಿಟ್ಟವನು, ಬರುವ ದಾರಿಯಲ್ಲಿ ಬಸ್ಸಿನ ಕಂಡಕ್ಟರನ ಜೊತೆಗೂ ಜಗಳವಾಡಿ ನಡುದಾರಿಯಲ್ಲಿ ಇಳಿದು, ಉಳಿದ ದಾರಿಯನ್ನು ಬೈಯುತ್ತಲೇ ನಡೆದು ಬಂದಿದ್ದ.

"ಅಜ್ಜಾರ, ನನಗ ದೀಕ್ಷೆ ಕೊಡ್ರಿ," ಎಂದ. ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

"ಸಿಟ್ಟು ಇಳೀಲಿ. ಕೊಡೂಣು."

"ಅದು ಯಾವಾಗ ಇಳೀಬೇಕ್ರಿ?" ಎಂದು ಅವನು ಸಿಟ್ಟಿನಿಂದಲೇ ಕೇಳಿದ.

ದೀಕ್ಷೆಯಾಗದಿದ್ದರೆ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಣ್ಣ ಬಾಗಿಲು ಹಾಕಿಕೊಂಡಾಗಿತ್ತು.

ಆಶ್ರಮದ ತೋಟದಲ್ಲಿ ಒಂದು ಪುಟ್ಟ ರೈಲಿತ್ತು. ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಭಕ್ತನೊಬ್ಬ ಮಾಡಿಕೊಟ್ಟದ್ದು. ಮೊಣಕಾಲೆತ್ತರದ ಬ್ಯಾಟರಿ ಎಂಜಿನ್, ಅದರ ಹಿಂದೆ ಉದ್ದನೆಯ ಒಂದು ಬೋಗಿ. ಪೂಜೆ ಮುಗಿದ ಮೇಲೆ ಅದು ಬೋಗಿಯ ತುಂಬ ಕಲ್ಲುಸಕ್ಕರೆ ಹೊತ್ತು ಹೂಗಿಡಗಳ ನಡುವೆ ಸುತ್ತು ಹಾಕುತ್ತಿತ್ತು. ಭಕ್ತರು ಕೂತಲ್ಲೇ ಕೈ ಚಾಚಿ ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಹಳಿಯನ್ನೂ ರೈಲನ್ನೂ ನೋಡಿಕೊಳ್ಳುತ್ತಿದ್ದವಳು ಹಿರಿಯ ಶಿಷ್ಯೆ ದ್ಯಾಮವ್ವ.

ಅಜ್ಜಾರು ತೋಟದ ತಿರುವನ್ನು ತೋರಿಸಿದರು.

"ಅಲ್ಲೊಂದು ಸ್ಟೇಷನ್ ಕಟ್ಟು. ಕಲ್ಲಿಂದ. ಕಟ್ಟಿ ಮುಗಿಸಿದ ದಿನ ದೀಕ್ಷೆ ಕೇಳು."

"ಕಟ್ಟೂ ತನಕ ಗಾಡಿ ಓಡಬಾರದ್ರಿ. ಯಾರೂ ನನ್ನ ಹತ್ರ ಸುಳೀಬಾರದು. ನನಗ ಗದ್ದಲ ಆಗಿಬರೂದಿಲ್ಲ."

"ಆತು," ಎಂದರು ಅಜ್ಜಾರು.

ರೈಲು ಶೆಡ್ಡು ಸೇರಿತು. ಫಕೀರಪ್ಪ ಕೆಂಪು ಮರಳುಗಲ್ಲಿನ ಚೂರುಗಳನ್ನು ಹೊತ್ತು ತಂದ. ಒಂದೊಂದನ್ನೂ ಬೆಲ್ಲದ ಹರಳಿನಷ್ಟು ಚಿಕ್ಕದಾಗಿ ಕೆತ್ತಿ, ಉಜ್ಜಿ, ಗಾರೆ ಹಚ್ಚಿ ಕೂರಿಸಿದ. ಗೋಡೆ ಎದ್ದಿತು. ಬಾಗಿಲಿಗೆ ಕಮಾನು ಬಂತು. ಟಿಕೆಟ್ ಕೊಡುವ ಕಿಂಡಿ ಬಂತು, ಪ್ಲಾಟ್‌ಫಾರ್ಮಿನ ಮೇಲೆ ತೆಳು ಕಲ್ಲಿನ ಚಪ್ಪರ ಬಂತು. ನಿಜ ಹೇಳಬೇಕೆಂದರೆ ಕೆಲಸ ಬಹಳ ಚೆಂದವಿತ್ತು.

ಒಂದು ದಿನ ದ್ಯಾಮವ್ವ ದೂರದಲ್ಲೇ ನಿಂತು ಹೇಳಿದಳು.

"ಫಕೀರಪ್ಪಾ, ಒಮ್ಮಿ ಬೋಗಿ ದಬ್ಬಿಕೊಂಡು ಬಂದು ನೋಡೂಣೇನು? ಇದು ತಿರುವು ಐತಿ."

"ನಾ ಶೆಡ್ಡಿನಾಗ ಹೋಗಿ ಅಳತಿ ತಗೊಂಡೀನಿ. ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವ ಒಂದು ಬೆರಳು ಸಂದು ಬಿಟ್ಟೀನಿ. ಗಾರಿ ಇನ್ನೂ ಹಸಿ ಐತಿ, ಆ ಕಡೆ ನಡಿ ಅಕ್ಕಾ!"

ಅವಳು ನಡೆದಳು.

ಸ್ಟೇಷನ್ ಮುಗಿಯಿತು. ಫಕೀರಪ್ಪ ಮಿಂದು, ಹಣೆಗೆ ವಿಭೂತಿ ಬಳಿದುಕೊಂಡು ಅಜ್ಜಾರ ಮುಂದೆ ನಿಂತ.

"ಸಿಟ್ಟು ಹೋತ್ರಿ, ಅಜ್ಜಾರ. ಇಷ್ಟು ದಿನದಾಗ ಒಬ್ಬರಿಗೂ ಬೈದಿಲ್ಲ."

ಬೈಯಲು ಹತ್ತಿರ ಯಾರಾದರೂ ಇದ್ದರಲ್ಲವೇ! ದ್ಯಾಮವ್ವನನ್ನಂತೂ ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಭಾಳ ಛಲೋ," ಎಂದರು ಅಜ್ಜಾರು. "ಗಾಡಿ ಬಿಡೂಣು."

ಭಕ್ತರು ತೋಟದ ಸುತ್ತ ಕೂತರು. ಮಡಿಚಿದ ಕಾವಿ ಬಟ್ಟೆ ಅಜ್ಜಾರ ತೊಡೆಯ ಮೇಲಿತ್ತು. ಫಕೀರಪ್ಪ ಒಂದು ಕಣ್ಣು ಅದರ ಮೇಲೆ, ಇನ್ನೊಂದು ಕಣ್ಣು ಹಳಿಯ ಮೇಲೆ ಇಟ್ಟಿದ್ದ.

ಎಂಜಿನ್ ಸ್ಟೇಷನ್ ಮುಂದೆ ಸಲೀಸಾಗಿ ಹಾದುಹೋಯಿತು. ಅದರ ಹಿಂದೆ ಬೋಗಿ ಬಂತು. ಉದ್ದದ ಬೋಗಿ ತಿರುವಿನಲ್ಲಿ ಹಳಿಯಂತೆ ಬಾಗುವುದಿಲ್ಲ. ಅದರ ನಡು ತಿರುವಿನ ಒಳಬದಿಗೆ ಚಾಚುತ್ತದೆ. ಚಾಚಿದ ನಡು ಪ್ಲಾಟ್‌ಫಾರ್ಮಿನ ಅಂಚಿಗೆ ಬಡಿಯಿತು. ಬೋಗಿ ಮಗುಚಿ ಚಪ್ಪರದ ಮೇಲೆ ಬಿತ್ತು. ಚಪ್ಪರ ಮುರಿಯಿತು. ಕಲ್ಲುಸಕ್ಕರೆಯೆಲ್ಲ ಮಣ್ಣುಪಾಲಾಯಿತು.

ಭಕ್ತರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಫಕೀರಪ್ಪನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು.

"ಯಾವನಲೇ ನಕ್ಕಾಂವ? ಎದ್ದು ನಿಂದರು!"

ಯಾರೂ ಏಳಲಿಲ್ಲ. ಅವನು ದ್ಯಾಮವ್ವನ ಕಡೆ ತಿರುಗಿದ.

"ಹಳಿ ಸೊಟ್ಟ ಹಾಕ್ಯಾಳ! ನನ್ನ ದೀಕ್ಷೆ ತಪ್ಪಿಸಾಕ ಬೇಕಂತ ಮಾಡ್ಯಾಳ!"

"ಹಳಿ ನೀ ಬರೂಕಿಂತ ಮೊದಲಿಂದ ಹಿಂಗ ಐತಿ."

"ಹಂಗಾರ ಕಿತ್ತು ಒಗೀರಿ ಈ ಹಳಿ!"

"ಹಳಿ ಕಿತ್ತ ಮ್ಯಾಲ ಸ್ಟೇಷನ್ ಯಾತಕ್ಕೋ?"

ಅವನು ಸ್ಟೇಷನ್ ಪಕ್ಕ ಬಿದ್ದಿದ್ದ ಸುತ್ತಿಗೆ ಎತ್ತಿದ.

ದ್ಯಾಮವ್ವ ಹಿಂದೆ ಸರಿಯಲಿಲ್ಲ. ಅವಳಿಗೂ ಸಿಟ್ಟು ಬಂದಿತ್ತು. ಬಹಳ ದಿನಗಳಿಂದ ಒಳಗೇ ಇಟ್ಟುಕೊಂಡ ಸಿಟ್ಟು ಅದು.

"ಹೊಡಿ ನೋಡೂಣು! ನಾ ಹೇಳಿದ ಒಂದು ಮಾತರ ಕಿವಿಗೆ ಹಾಕ್ಕೊಂಡೇನು? ನಿನಗ ಗದ್ದಲ ಆಗಬಾರದು ಅಂತ ಗಾಡಿ ನಿಂತಿತ್ತು. ದಿನಾ ಪ್ರಸಾದದ ಪರಾತ ಹೊತ್ತು ಈ ತ್ವಾಟ ಸುತ್ತಿದಾಕಿ ನಾನು. ಮೊಣಕಾಲು ಹೋದವು ನನ್ನವು! ಒಂದು ದಿನಾ ಕೇಳಿದೇನು ನೀನು?"

ಸುತ್ತಿಗೆ ಇಳಿಯಿತು. ಅವಳ ಮೇಲಲ್ಲ, ಸ್ಟೇಷನ್ ಮೇಲೆ. ಟಿಕೆಟ್ ಕಿಂಡಿ ಪುಡಿಯಾಯಿತು. ಅಷ್ಟು ಮುದ್ದಾದ ಕಿಂಡಿಯನ್ನು ಒಡೆದ ಸಂಕಟಕ್ಕೆ ಫಕೀರಪ್ಪನ ಸಿಟ್ಟು ಇನ್ನಷ್ಟು ಏರಿತು. ಈಗ ಅದು ಗುರುವಿನ ಮೇಲೆ ಹರಿಯಿತು.

"ಬೋಗಿ ಬಡೀತೈತಿ ಅಂತ ನಿಮಗ ಗೊತ್ತಿತ್ತು!"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ದ್ಯಾಮವ್ವ ಹೇಳಿದಳಲ್ಲ."

ಫಕೀರಪ್ಪ ಮತ್ತೆ ಕೂಗಿದ.

"ನನ್ನ ಅಳತಿ ತಪ್ಪಿಲ್ರಿ! ಗಾಡಿ ನಿಂತಿದ್ದಾಗ ಎಲ್ಲಾ ಸರಿ ಇತ್ತು!"

"ಹೌದು," ಎಂದರು ಅಜ್ಜಾರು. "ನೀನೂ ಸರಿ ಇದ್ದಿ."

ಫಕೀರಪ್ಪನ ಕೈಯಲ್ಲಿ ಸುತ್ತಿಗೆ ಭಾರವಾಯಿತು. ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೂ ಸಿಟ್ಟು ಬಂತು.

ಅಜ್ಜಾರು ಕಾವಿ ಬಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದರು. ದ್ಯಾಮವ್ವನ ಜೊತೆ ಸೇರಿ ಬೋಗಿಯನ್ನು ಎಂಜಿನ್ನಿನಿಂದ ಕಳಚಿ, ಎತ್ತಿ ಬದಿಗಿಟ್ಟರು. ಮಣ್ಣಿನಲ್ಲಿ ಬಿದ್ದಿದ್ದ ಉಳಿಯನ್ನು ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಶಿಷ್ಯನ ಮುಂದೆ ಹಿಡಿದರು.

"ಪ್ಲಾಟ್‌ಫಾರ್ಮಿನ ಅಂಚು ಕೆತ್ತು. ಬೋಗಿ ಹಾಯೂವಷ್ಟು."

"ದೀಕ್ಷೆ?"

"ಕೆತ್ತು."

ಅವನು ತುಂಬ ಹೊತ್ತು ಆ ಉಳಿಯನ್ನೇ ದುರುಗುಟ್ಟಿ ನೋಡಿದ. ಕೊನೆಗೆ ಕಸಿದುಕೊಂಡವನಂತೆ ತೆಗೆದುಕೊಂಡು, ಹಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಹಂಗಾರ ಗಾಡಿ ಶೆಡ್ಡಿಗೆ ಒಯ್ಯಾಕ ಹೇಳ್ರಿ."

ಅಜ್ಜಾರು ದ್ಯಾಮವ್ವನ ಕಡೆ ನೋಡಿ ತಲೆಯಾಡಿಸಿದರು. ಅವಳು ಎಂಜಿನ್ನಿನ ನೆತ್ತಿಯ ಮೇಲೆ ಕಲ್ಲುಸಕ್ಕರೆಯ ಬಟ್ಟಲಿಟ್ಟು ಗುಂಡಿ ಒತ್ತಿದಳು. ಎಂಜಿನ್ ಹೊರಟಿತು. ದೂರದ ಭಕ್ತರು ಒಬ್ಬೊಬ್ಬರಾಗಿ ಪ್ರಸಾದಕ್ಕೆ ಕೈ ಚಾಚಿದರು. ಅದು ಸುತ್ತು ಹಾಕಿ ತಿರುವಿನ ಕಡೆಗೇ ಬರತೊಡಗಿತು.

"ಅಜ್ಜಾರ!" ಫಕೀರಪ್ಪ ಚೀರಿದ. "ಇದು ಓಡಾಡಿಕೋತ ಇದ್ದರ ನಾ ಹೆಂಗ ಕೆತ್ತಲಿ? ಕೈಗೆ ಬಡೀತೈತಿ!"

"ಬಂದಾಗ ಕೈ ಹಿಂದ ತಗೋ," ಎಂದರು ಅಜ್ಜಾರು. "ಹೋದ ಮ್ಯಾಲ ಕೆತ್ತು."