ಎಲೆಯ ಎಡ, ಎಲೆಯ ಬಲ

"ನಮ್ಮ ಪ್ರಭುಗಳು ಬೆಳಗ್ಗೆ ಕಣ್ಣು ಬಿಡುವ ಮೊದಲೇ ತಮ್ಮ ಪ್ರಜೆಗಳ ಮನಸ್ಸು ಯಾವ ಕಡೆ ವಾಲಿದೆಯೆಂದು ಬಲ್ಲರು. ನಿಮ್ಮ ಪ್ರಜೆಗಳದು ಯಾವ ಕಡೆ, ಮಹಾಸ್ವಾಮಿ?"

ನೆರೆರಾಜ್ಯದ ರಾಯಭಾರಿ ಹೀಗೆ ಕೇಳಿ, ಮೀಸೆಯಲ್ಲೇ ನಕ್ಕು ಹೋದದ್ದೇ ತಡ, ಕಮಲಗಿರಿಯ ದೊರೆ ಗಜಕೇಸರಿಗೆ ಅನ್ನ ಸೇರದಾಯಿತು.

ಎಡಪೀಠದ ಮಂತ್ರಿ ಮಾಚರಸನಿಗೆ ಹಳೆಯದೆಂದರೆ ಆಗದು. "ದೇಶವೆಲ್ಲ ಎಡಕ್ಕೆ ವಾಲಿದೆ, ಪ್ರಭು. ಜನ ಹೊಸತನ್ನು ಬಯಸುತ್ತಿದ್ದಾರೆ" ಎಂದ. ದೊರೆ ಸಿಂಹಾಸನವನ್ನು ಎಡಕ್ಕೆ ಎಳೆಸಿದ.

ಬಲಪೀಠದ ಮಂತ್ರಿ ರೇಚರಸನಿಗೆ ಅಜ್ಜನ ಕಾಲದ್ದೇ ವೇದವಾಕ್ಯ. "ಎಡವೇ? ಶಿವಶಿವಾ! ಜನ ಬಲಕ್ಕೆ ವಾಲಿ ಆಗಲೇ ತಿಂಗಳಾಯಿತು" ಎಂದ. ಸಿಂಹಾಸನ ಬಲಕ್ಕೆ ಹೋಯಿತು.

ನಡುವೆ ಕೂರುತ್ತಿದ್ದ ರಾಜಪುರೋಹಿತ ತ್ರಿವಿಕ್ರಮ ಭಟ್ಟರು ಇಬ್ಬರನ್ನೂ ನೋಡಿ, "ಇವರದೂ ನಿಜ, ಅವರದೂ ನಿಜ. ಹಾಗಾಗಿ ಜನ ನಡುವೆ ಇದ್ದಾರೆ" ಎಂದರು. ಸಿಂಹಾಸನ ನಡುವಿಗೆ ಬಂತು. ವಾರ ಕಳೆಯುವುದರೊಳಗೆ ಅದರ ಕಾಲುಗಳು ಸಭಾಂಗಣದ ನೆಲವನ್ನು ಉತ್ತ ಹೊಲದಂತೆ ಮಾಡಿಬಿಟ್ಟವು. ಬೀಜ ಬಿತ್ತುವುದೊಂದು ಬಾಕಿ!

ಆಸ್ಥಾನದ ವಿನೋದಗಾರ ಬೊಪ್ಪಣ್ಣನಿಗೆ ಇದನ್ನೆಲ್ಲ ಕಂಡು ಹೊಟ್ಟೆ ಹಿಡಿದು ನಗಬೇಕೆನಿಸುತ್ತಿತ್ತು. ಆದರೆ ಅದು ನಗುವ ಹೊತ್ತಾಗಿರಲಿಲ್ಲ. ಬೆಳೆ ಕೈಗೆ ಬರುವ ಮುನ್ನ, ಊರಿನ ಮಡಕೆಗಳು ಬರಿದಾದಾಗ, ಅರಮನೆಯ ಕಣಜ ತೆರೆದು ಅಕ್ಕಿ ಹಂಚುವುದು ಕಮಲಗಿರಿಯ ರೂಢಿ. ಈ ಸಲ ದೊರೆ ಕಣಜಕ್ಕೆ ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ.

"ಯಾರು ಯಾವ ಕಡೆಯೆಂದು ತಿಳಿಯದೆ ಹಂಚಲೇ? ನನ್ನ ಕಡೆ ಇಲ್ಲದವರಿಗೆ ನನ್ನ ಅಕ್ಕಿ ಏಕೆ?" ಎಂದು ದೊರೆ ಗುಡುಗಿ, ಬೊಪ್ಪಣ್ಣನತ್ತ ತಿರುಗಿದ. "ನೀನೇ ಹೇಳು. ನಾಳೆ ಮಧ್ಯಾಹ್ನದೊಳಗೆ ನನ್ನ ಕಣ್ಣಿಗೆ ಕಾಣುವಂತೆ ತೋರಿಸಬೇಕು. ಇಲ್ಲವಾದರೆ ನಿನ್ನ ಜಾಣತನವನ್ನು ಗಂಟುಕಟ್ಟಿಕೊಂಡು ಗಡಿ ದಾಟು!"

"ಅಪ್ಪಣೆ, ಪ್ರಭು. ನನಗೆ ಬಾಳೆಲೆ ಮಾತ್ರ ಕೊಡಿಸಿ ಸಾಕು."

"ಎಲೆಯೇ? ಊಟಕ್ಕೇನು ಬಡಿಸುತ್ತೀಯೋ?"

"ಬಡಿಸುವುದಕ್ಕೆ ನನ್ನಲ್ಲೇನಿದೆ? ಎಲೆಯ ಎಡಗಡೆ ಉಪ್ಪಿನಕಾಯಿಯ ಜಾಗ, ಬಲಗಡೆ ಪಾಯಸದ ಜಾಗ, ನಡುವೆ ಅನ್ನದ ಜಾಗ. ಕಣಜದ ಅಂಗಳದಲ್ಲಿ ಊರನ್ನು ಪಂಕ್ತಿಯಲ್ಲಿ ಕೂರಿಸೋಣ. ಕೈ ಎತ್ತ ಹೋಗುತ್ತದೋ ಮನಸ್ಸೂ ಅತ್ತಲೇ."

ಖರ್ಚಿಲ್ಲದ ಪರೀಕ್ಷೆಯೆಂದು ದೊರೆ ಹಿಗ್ಗಿದ. ಮಂತ್ರಿಗಳಿಬ್ಬರೂ ಭಟ್ಟರೂ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡದೆ ಮನೆಗೆ ಓಡಿದರು. ಬೊಪ್ಪಣ್ಣ ಅವರ ಓಟವನ್ನು ಕಂಡು ಸದ್ದಿಲ್ಲದೆ ಕೈ ಉಜ್ಜಿಕೊಂಡ.

ಮರುದಿನ ಊರೆಲ್ಲ ಬಂದು ಕೂತಿತು. ಎಲೆ ಹಾಸಿದ್ದೇ ತಡ, ಮಾಚರಸನ ಆಳುಗಳು ಉಪ್ಪಿನಕಾಯಿಯ ಜಾಡಿ ಹೊತ್ತು ನುಗ್ಗಿದರು. "ಎಡಕ್ಕೆ ಮಾವಿನಕಾಯಿ! ನಮ್ಮ ಮಂತ್ರಿಗಳ ಮನೆಯದು, ಮೊದಲು ಇದನ್ನೇ ಮುಟ್ಟಿ!"

"ಬರೀ ಖಾರ ತಿಂದು ಸಾಯುತ್ತೀರಾ?" ಎನ್ನುತ್ತ ರೇಚರಸ ತಾನೇ ಪಾಯಸದ ಕೊಳಗಕ್ಕೆ ಸೌಟು ಹಾಕಿದ. "ಬಲಕ್ಕೆ ಕೈ ಹಾಕಿ, ತಾಯಂದಿರೇ! ದ್ರಾಕ್ಷಿ ಗೋಡಂಬಿ ಹಾಕಿಸಿದ್ದೇನೆ!"

ಜನ್ಮದಲ್ಲಿ ಯಾರಿಗೂ ಹಿಡಿ ಅನ್ನ ಹಾಕದ ಭಟ್ಟರು ತಮ್ಮ ಮನೆಯ ಅನ್ನದ ಹಂಡೆಯನ್ನೇ ಹೊರಿಸಿಕೊಂಡು ಬಂದಿದ್ದರು. "ನಡುವೆ! ನಡುವೆ! ತುಪ್ಪವೂ ಇದೆ!"

ಜನ ಎಡದ್ದನ್ನು ನಡುವಿಗೆ ಕಲಸಿದರು, ಬಲದ್ದನ್ನು ಸೊರ್ರೆಂದು ಸುರಿದುಕೊಂಡರು, ಮತ್ತೆ ಎಡಕ್ಕೆ ಬಂದು ನಾಲಿಗೆ ಚಪ್ಪರಿಸಿದರು. "ಎಡ! ಅಲ್ಲ, ಬಲ! ಅಯ್ಯೋ, ನಡು!" ಎಂದು ಎಣಿಸುತ್ತ ಎಣಿಸುತ್ತ ದೊರೆಯ ಕತ್ತು ಉಳುಕಿತು.

ಅಷ್ಟರಲ್ಲಿ ಜಾಡಿ, ಕೊಳಗ, ಹಂಡೆ ಮೂರೂ ಬರಿದಾದವು. ಎಲೆಗಳೂ ಬರಿದಾದವು. ಯಾರೂ ಏಳಲಿಲ್ಲ. ಸಾಲು ಸಾಲು ಮುಖಗಳು ಒಮ್ಮೆಗೇ ಮೇಲಕ್ಕೆ ತಿರುಗಿ, ಕಣ್ಣುಗಳೆಲ್ಲ ಒಂದೇ ಕಡೆ ನೆಟ್ಟವು. ಬೊಪ್ಪಣ್ಣ ಹಾಕಿಸಿದ್ದ ಎತ್ತರದ ಪೀಠದಲ್ಲಿ ದೊರೆ ಕೂತಿದ್ದ ಕಡೆ.

ಗಜಕೇಸರಿಯ ಎದೆ ಅಗಲವಾಯಿತು. "ಕಂಡೆಯಾ, ಬೊಪ್ಪಣ್ಣಾ! ಎಡವೂ ಇಲ್ಲ, ಬಲವೂ ಇಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ದೇಶವೆಲ್ಲ ನನ್ನ ಕಡೆ!"

"ಇರಬಹುದು, ಪ್ರಭು. ಒಂದು ಮಾತು ಕೇಳಿಯೇ ನೋಡಬಾರದೇಕೆ?"

ಮೊದಲ ಸಾಲಿನಲ್ಲಿ ಹಲ್ಲಿಲ್ಲದ ಮುದುಕಿ ದ್ಯಾವಮ್ಮ ಕೂತಿದ್ದಳು. ದೊರೆ ಅಕ್ಕರೆಯಿಂದ ಕೇಳಿದ: "ಏನಮ್ಮಾ, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದೀಯಲ್ಲ?"

"ನಿನ್ನನ್ನು ಯಾಕಪ್ಪ ನೋಡ್ಲಿ? ಕಣಜದ ಬಾಗಿಲು ನೋಡ್ತಿದ್ದೀನಿ. ನೀನೇ ಅಡ್ಡ ಕೂತಿದ್ದೀಯ. ಸ್ವಲ್ಪ ಸರಿ!"

ದೊರೆ ತಟ್ಟನೆ ಹಿಂದೆ ನೋಡಿದ. ಬೆನ್ನಿಗೇ ಬಾಗಿಲು, ಬಾಗಿಲಲ್ಲಿ ತಾನೇ ಜಡಿದ ಬೀಗ. ಗಲಿಬಿಲಿಯಿಂದ ಎದ್ದು, "ಯಾವ... ಯಾವ ಕಡೆ ಸರಿಯಲಿ? ಎಡಕ್ಕೋ, ಬಲಕ್ಕೋ?" ಎಂದ.

"ಎತ್ತಲಾದ್ರೂ ಸರಿಯಪ್ಪ, ಬಾಗಿಲು ಬಿಟ್ರೆ ಸಾಕು!"

ಬೊಪ್ಪಣ್ಣನ ಮನಸ್ಸು ಆಗಲೇ ಗಡಿಯ ಹಾದಿ ಅಳೆಯುತ್ತಿತ್ತು. ದೊರೆಯ ಮೀಸೆ ಅದುರಿತು, ಹೊಟ್ಟೆ ಕುಲುಕಿತು, ಕೊನೆಗೆ ನಗು ಕಟ್ಟೆಯೊಡೆದು ಹೊರಬಂತು. ನಗುತ್ತಲೇ ಸೊಂಟದ ಕೀಲಿಕೈಯನ್ನು ಬೊಪ್ಪಣ್ಣನತ್ತ ಎಸೆದ.

ಕಣಜ ತೆರೆಯಿತು. ಅಕ್ಕಿ ಬೆಂದು ಬರುವ ತನಕ ಒಬ್ಬರೂ ಎಲೆ ಬಿಟ್ಟು ಕದಲಲಿಲ್ಲ.

"ಅದೆಲ್ಲ ಸರಿ, ಬೊಪ್ಪಣ್ಣಾ" ಎಂದು ದೊರೆ ಕಣ್ಣೊರೆಸಿಕೊಂಡ. "ಆ ರಾಯಭಾರಿ ಮತ್ತೆ ಬಂದರೆ ದೇಶ ಯಾವ ಕಡೆ ವಾಲಿದೆಯೆಂದು ಹೇಳಲಿ?"

ಬೊಪ್ಪಣ್ಣ ಹಬೆಯಾಡುವ ಅನ್ನದ ಸೌಟನ್ನು ದೊರೆಯ ಕೈಗಿತ್ತ. "ಪಂಕ್ತಿಯಲ್ಲಿ ಬಾಗಬೇಕಾದವನು ಬಡಿಸುವವನು, ಕೂತವರಲ್ಲ ಎನ್ನಿ, ಪ್ರಭು."

ದೊರೆ ಕಿರೀಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ದ್ಯಾವಮ್ಮನ ಎಲೆಗೆ ಬಾಗಿದ.

"ಇನ್ನೂ ಸ್ವಲ್ಪ ಬಗ್ಗಪ್ಪ" ಎಂದಳು ಮುದುಕಿ. "ಅನ್ನ ಎಲೆಯಿಂದಾಚೆ ಬೀಳ್ತಿದೆ."