ಹಾಲು ಮರೆತ ಹೆಪ್ಪು

ಮಠದಲ್ಲಿ ಪಾಠ ಹೇಳುವ ಶಿಷ್ಯ ಮೋನಪ್ಪ ಗುರುಗಳ ಮುಂದೆ ಕೂತು ಕೇಳಿದ: “ಗುರುಗಳೇ, ನನ್ನ ಪಾಠ ಅರ್ಥವಾಗಲಿಲ್ಲ ಎಂದವರು ಇದುವರೆಗೆ ಒಬ್ಬರೂ ಇಲ್ಲ. ಅಷ್ಟು ಬಿಡಿಸಿ ಹೇಳುತ್ತೇನೆ. ಆದರೂ ಸಣ್ಣದೊಂದು ತೊಡಕು ಬಂದರೆ ಸಾಕು, ಎಲ್ಲರೂ ನನ್ನ ಬಾಗಿಲಿಗೇ ಓಡಿಬರುತ್ತಾರೆ. ತಪ್ಪು ಎಲ್ಲಿದೆ?”

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಇದ್ದ. ಪ್ರಯೋಗಾಲಯಗಳಿಗೆ ಹಾಲಿನ ಪ್ರೋಟೀನಿನ ಪುಡಿ ಮಾರುವುದು ಅವನ ಕಸುಬು. ಹಾಲು ಒಡೆಸಿ, ಗಟ್ಟಿಯನ್ನು ತೆಗೆದು, ಕಿಣ್ವ ಹಾಕಿ ಚೂರುಚೂರಾಗಿ ಅರಗಿಸಿ ಒಣಗಿಸಿದ ಪುಡಿ ಅದು. ನೀರಿಗೆ ಕದಡಿಟ್ಟರೆ ಸೂಕ್ಷ್ಮಜೀವಿಗಳಿಗೆ ಬಾಯಿಗಿಟ್ಟ ತುತ್ತು. ಜಗಿಯುವ ಕೆಲಸವೂ ಇಲ್ಲ.

ಅವನ ಗಿರಾಕಿಗಳಲ್ಲಿ ಒಬ್ಬಾಕೆ ಡೈರಿಗೆ ಬೇಕಾದ ಮೊಸರಿನ ಹೆಪ್ಪನ್ನು ಸೀಸೆಗಳಲ್ಲಿ ಬೆಳೆಸಿ ಕೊಡುವವಳು. ಆ ಹೆಪ್ಪಿನ ತಳಿ ಅವಳಿಗೆ ಕೆಲಸ ಕಲಿಸಿದವರು ಬಿಟ್ಟುಹೋದದ್ದು, ಬೇರೆಲ್ಲೂ ಇರಲಿಲ್ಲ. ವಾರಕ್ಕೊಮ್ಮೆ ಹಳೆಯ ಸೀಸೆಯಿಂದ ಒಂದು ಹನಿಯನ್ನು ಹೊಸ ಸೀಸೆಯ ಹಾಲಿಗೆ ದಾಟಿಸಬೇಕು. ಹಾಲಿನಲ್ಲಿ ಅದು ನಿಧಾನ. ಪುಡಿಯ ನೀರಿನಲ್ಲಾದರೆ ಸಂಜೆಯೊಳಗೆ ಬೆಳೆದು ಸೀಸೆ ಮಬ್ಬಾಗುತ್ತಿತ್ತು. ಅವಳು ಹಾಲು ಬಿಟ್ಟು ಪುಡಿ ಹಿಡಿದಳು.

ವರ್ಷ ದಾಟಿತು. ಮೊದಲು ಡೈರಿಯ ಮೊಸರು ತೆಳುವಾಯಿತು. ಆಮೇಲೆ ಹಾಲು ಹೆಪ್ಪುಗಟ್ಟಲೇ ಇಲ್ಲ. ವಾರದೊಳಗೆ ಸರಿಹೋಗದಿದ್ದರೆ ಬೇರೆ ಕಡೆಯಿಂದ ಹೆಪ್ಪು ತರಿಸುತ್ತೇವೆ ಎಂದರು ಡೈರಿಯವರು. ಹಾಗಾದರೆ ಅವಳು ಹೆಪ್ಪು ಬೆಳೆಸುವ ಕೋಣೆಗೆ ಬೀಗ. ತಳಿಯೂ ಅಲ್ಲಿಗೇ ಮುಗಿದಂತೆ.

ಅವಳು ವ್ಯಾಪಾರಿಯ ಅಂಗಡಿಗೆ ಬಂದಳು.

‘ಸಾಹುಕಾರರೇ, ಹತ್ತು ಮೂಟೆ ಪುಡಿ ಬೇಕು. ಇವತ್ತೇ.’

‘ತಿಂಗಳಿಗೆ ಒಂದು ಡಬ್ಬ ಒಯ್ಯುವವರು ನೀವು. ಡೈರಿಯ ಎಮ್ಮೆಗಳಿಗೂ ತಿನ್ನಿಸುತ್ತೀರಾ, ತಾಯಿ?’

‘ನಗಬೇಡಿ. ನನ್ನ ಹೆಪ್ಪು ನಿಮ್ಮ ಪುಡಿಯಲ್ಲಿ ಉಕ್ಕಿ ಬೆಳೆಯುತ್ತದೆ. ಹಾಲಿಗೆ ಬಿಟ್ಟರೆ ಮಾವನ ಮನೆಗೆ ಬಂದ ಅಳಿಯನ ಹಾಗೆ ಸುಮ್ಮನೆ ಕೂರುತ್ತದೆ. ಹಾಲಿಗೂ ಒಂದು ಹಿಡಿ ಪುಡಿ ಬೆರೆಸಿ ನೋಡಿದೆ, ಗಟ್ಟಿ ಮೊಸರಾಯಿತು.’

ವ್ಯಾಪಾರಿಗೆ ತಿಳಿಯಿತು. ಹಾಲಿನ ಗಟ್ಟಿಯನ್ನು ಕತ್ತರಿಸಿ ತಿನ್ನುವುದು ಈ ಜೀವಿಗಳ ಹುಟ್ಟುಕಸುಬು. ಕತ್ತರಿಸಿದ್ದೇ ಸಿಗುವಾಗ ಕಸುಬು ಬರೀ ಭಾರ. ಅದನ್ನು ಬಿಟ್ಟವು ಬೇಗ ಬೇಗ ಹೆಚ್ಚಿದವು. ಉಳಿಸಿಕೊಂಡವು ಮೂಲೆಗೆ ಬಿದ್ದವು. ಅವನು ಗೋದಾಮಿನ ಕಡೆ ನೋಡಿದ. ಹತ್ತು ಮೂಟೆ ಇದ್ದವು. ಕೊಟ್ಟರೆ ಅವಳು ಬದುಕಿರುವವರೆಗೆ ಬೇರೆ ಕಡೆ ಹೋಗುವ ಹಾಗಿಲ್ಲ. ಇಂಥ ಗಿರಾಕಿ ಯಾವ ವ್ಯಾಪಾರಿಗೆ ಬೇಡ?

‘ಕೊಡುವುದಿಲ್ಲ, ತಾಯಿ,’ ಎಂದ. ‘ನಲವತ್ತು ಸೀಸೆ ಬರಿ ಹಾಲು ಇಡಿ. ಒಂದೊಂದಕ್ಕೆ ಒಂದೊಂದು ಹನಿ ಹೆಪ್ಪು ಬಿಡಿ. ಪುಡಿ ಮುಟ್ಟಬೇಡಿ.’

‘ಉಪವಾಸ ಬಿದ್ದು ಸಾಯುತ್ತವಲ್ಲ!’

‘ಹೆಚ್ಚಿನವು ಸಾಯುತ್ತವೆ. ಕಸುಬು ಮರೆಯದ್ದು ಒಂದಾದರೂ ಇದ್ದರೆ ಆ ಸೀಸೆ ಹೆಪ್ಪಾಗುತ್ತದೆ. ಇಲ್ಲದಿದ್ದರೆ ನಿಮ್ಮ ತಳಿ ಯಾವತ್ತೋ ಸತ್ತಿದೆ. ನನ್ನ ಪುಡಿ ಅದರ ಹೆಣ ಹೊರುತ್ತಿದೆ, ಅಷ್ಟೇ.’

ಅವಳು ಬೈದುಕೊಂಡೇ ಹೋದಳು. ನಾಲ್ಕು ದಿನ ನಲವತ್ತು ಸೀಸೆಗಳಲ್ಲೂ ಹಾಲು ಹಾಲಾಗಿಯೇ ಇತ್ತು. ಐದನೆಯ ದಿನ ಒಂದು ಸೀಸೆಯನ್ನು ವಾಲಿಸಿದಳು, ಒಳಗಿದ್ದದ್ದು ಕದಲಲಿಲ್ಲ. ಆ ಒಂದರಿಂದಲೇ ಡೈರಿಗೆ ಹೆಪ್ಪು ಹೋಯಿತು.

ಆಮೇಲೆ ಅವಳು ವ್ಯಾಪಾರಿಯ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹೀಗೇ ಆಗುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮೋನಪ್ಪನ ಮುಖ ಅರಳಿತು. “ತಿಳಿಯಿತು, ಗುರುಗಳೇ. ನಾಳೆಯಿಂದ ಅಷ್ಟೊಂದು ಬಿಡಿಸಿ ಹೇಳುವುದಿಲ್ಲ.”

“ಅವರು ನಿನ್ನ ಬಾಗಿಲಿಗೆ ಬರುವುದು ನಿಂತುಹೋದರೆ, ಮೋನಪ್ಪ, ನೀನು ತಡೆದುಕೊಳ್ಳುತ್ತೀಯಾ?”